ಪ್ಲಾನಿನಲ್ಲಿ ಇಲ್ಲದ ಬಸರಿ ಮರ

ಇಲ್ಲದ ಮರ ಬರೆಯುವುದರಲ್ಲಿ ನನ್ನಷ್ಟು ಪಳಗಿದ ಕೈ ಪಶ್ಚಿಮ ಬೆಂಗಳೂರಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ, ದರ್ಶಿನಿಯೊಂದರ ಮೇಲಿನ ಮಹಡಿಯಲ್ಲಿ, ಕೆಳಗಿನಿಂದ ಏರಿ ಬರುವ ಸಾಂಬಾರಿನ ವಾಸನೆ ಕುಡಿಯುತ್ತ ಇಪ್ಪತ್ತೆಂಟು ವರ್ಷಗಳಿಂದ ಮನೆಗಳ ಪ್ಲಾನ್ ಬರೆಯುತ್ತಿದ್ದೇನೆ. ಮಂಜೂರಾತಿಗೆ ಕೊಡುವ ಪ್ಲಾನಿನಲ್ಲಿ, ಇಂತಿಷ್ಟು ಅಳತೆಯ ಸೈಟಿಗೆ ಇಷ್ಟು ಗಿಡ ನೆಡುತ್ತೇವೆ ಎಂದು ತೋರಿಸಬೇಕು. ಅದಕ್ಕೆಂದು ಪ್ರತಿ ಪ್ಲಾನಿನಲ್ಲೂ ಎರಡು ಹಸಿರು ವೃತ್ತ ಹಾಕುತ್ತೇನೆ. ಗೋಡೆ ಇಲ್ಲದ ಜಾಗ ಹುಡುಕಿ ಹಾಕಬೇಕಲ್ಲ, ಅವು ಸಾಮಾನ್ಯವಾಗಿ ನೀರಿನ ಸಂಪಿನ ಮುಚ್ಚಳದ ಮೇಲೆಯೇ ಬೀಳುತ್ತವೆ. ಕಂಪ್ಯೂಟರ್ ಬಂದ ಮೇಲೆ ವೃತ್ತವನ್ನೂ ಬರೆಯಬೇಕಿಲ್ಲ. ಸಾಫ್ಟ್‌ವೇರಿನೊಳಗೆ ಸಿದ್ಧಪಡಿಸಿದ ಮರಗಳಿವೆ, ಆಕಾರ ನೋಡಿದರೆ ಯಾವುದೋ ಹಿಮ ಬೀಳುವ ದೇಶದವು. ಒಂದನ್ನು ಎತ್ತಿ ಸಂಪಿನ ಮೇಲೆ ಇಟ್ಟರೆ ನಿಯಮ ಪಾಲಿಸಿದಂತಾಯಿತು. ರಾಜಾಜಿನಗರದಿಂದ ಕೆಂಗೇರಿಯವರೆಗೆ ನಾನು ಹೀಗೆ ಕಾಗದದ ಮೇಲೆ ಒಂದು ಕಾಡನ್ನೇ ಬೆಳೆಸಿದ್ದೇನೆ.

ಇರುವ ಮರವನ್ನು ಬಿಟ್ಟುಬಿಡುವುದು ಇದಕ್ಕಿಂತ ಹಳೆಯ ಅಭ್ಯಾಸ. ನನಗೆ ಕೆಲಸ ಕಲಿಸಿದ ಗುರುಗಳು ಒಳ್ಳೆಯವರು. ಹೆಣ್ಣುಮಗಳೆಂದು ಮೂಲೆಯಲ್ಲಿ ಕೂರಿಸದೆ ಟೇಪು ಕೈಗೆ ಕೊಟ್ಟು ಸೈಟಿಗೆ ಕಳಿಸಿದವರು. ಮೊದಲ ಸಲ ವಿಜಯನಗರದ ಒಂದು ಸೈಟು ಅಳೆದು ಬಂದು, ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆದಾಗ ಅಲ್ಲಿದ್ದ ಮಾವಿನ ಮರವನ್ನೂ ಬರೆದಿದ್ದೆ. ಅವರು ಹಾಳೆ ಎತ್ತಿ ನೋಡಿ, ಗೆರೆ ಚೆನ್ನಾಗಿದೆ ಅಂದರು. ಆಮೇಲೆ ಡ್ರಾಯರಿನಿಂದ ಅರ್ಧ ಬ್ಲೇಡು ತೆಗೆದು ಕೊಟ್ಟರು.

“ಮರ ಕೆರೆದುಬಿಡಮ್ಮ.”

“ಅಲ್ಲಿ ಇದೆ ಸಾರ್. ನಾನೇ ನೋಡ್ದೆ.”

“ಇರ್ಲಿ. ಬರೆದ್ರೆ ಫೈಲು ಇನ್ನೊಂದು ಆಫೀಸಿಗೆ ಹೋಗುತ್ತೆ. ಅಲ್ಲಿಂದ ಯಾವಾಗ ವಾಪಸ್ ಬರುತ್ತೋ ದೇವರಿಗೇ ಗೊತ್ತು. ಅಷ್ಟರಲ್ಲಿ ಪಾರ್ಟಿ ನಮ್ಮನ್ನ ಬಿಟ್ಟು ಎದುರಿನ ಅಂಗಡಿಗೆ ಹೋಗಿರ್ತಾನೆ.”

ಟ್ರೇಸಿಂಗ್ ಹಾಳೆಯ ಇಂಕು ರಬ್ಬರಿಗೆ ಜಗ್ಗುವುದಿಲ್ಲ. ಬ್ಲೇಡಿನ ಮೂಲೆಯಿಂದ ಹಗುರವಾಗಿ ಕೆರೆಯಬೇಕು, ಹಾಳೆ ಹರಿಯಬಾರದು, ಕೆರೆದ ಗುರುತೂ ಉಳಿಯಬಾರದು. ನಾನು ಬೇಗ ಕಲಿತೆ.

ಕಾನೂನೇನೋ ಸರಿಯಾಗಿಯೇ ಇದೆ. ಸೈಟು ನಿಮ್ಮದೇ ಆದರೂ ಅದರೊಳಗಿನ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು. ಅವರು ಬಂದು ನೋಡಿ, ಸುತ್ತಲಿನವರ ಆಕ್ಷೇಪಣೆ ಇದ್ದರೆ ಕೇಳಿ, ಮರ ಉಳಿಸಿಕೊಂಡೇ ಕಟ್ಟಲು ಆಗುತ್ತದೆಯೇ ಎಂದು ಯೋಚಿಸಿ, ಆಮೇಲೆ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಆದರೆ ಇದೆಲ್ಲ ಶುರುವಾಗಬೇಕಾದರೆ ಮೊದಲು ಪ್ಲಾನಿನಲ್ಲಿ ಮರ ಇರಬೇಕು. ನನ್ನಂಥವರು ಅದನ್ನು ಅಲ್ಲಿಯೇ ತಡೆದುಬಿಡುತ್ತೇವೆ. ಸುಳ್ಳು ಹೇಳಿದಂತೆ ಅನಿಸುವುದೂ ಇಲ್ಲ, ಒಂದು ಗೆರೆ ಕಡಿಮೆ ಎಳೆದಂತೆ ಅನಿಸುತ್ತದೆ. ರಾಜಾಜಿನಗರದಲ್ಲಿ ಎರಡು ಸಂಪಿಗೆ, ದೀಪಾಂಜಲಿ ನಗರದಲ್ಲಿ ಕಾಂಪೌಂಡಿನ ಉದ್ದಕ್ಕೂ ಇದ್ದ ಹೊಂಗೆಯ ಸಾಲು, ಕೆಂಗೇರಿಯಲ್ಲಿ ಹೆಸರೇ ಗೊತ್ತಿಲ್ಲದ ಒಂದು ದೊಡ್ಡ ಮರ. ಇವು ನನಗೆ ನೆನಪಿರುವವು. ನೆನಪಿಲ್ಲದವು ಇನ್ನೆಷ್ಟೋ ಇವೆ.

ಲಗ್ಗೆರೆಯ ಸೈಟು ಬಂದಾಗಲೂ ಹೀಗೇ ಆಯಿತು. ಅದರ ಯಜಮಾನರು ನನ್ನ ಹಳೆಯ ಪಾರ್ಟಿ. ಲಗ್ಗೆರೆ ಹಳ್ಳಿಯಾಗಿದ್ದಾಗ ಅವರ ಮನೆಯವರು ಅಲ್ಲಿ ರಾಗಿ ಬೆಳೆಯುತ್ತಿದ್ದರು. ಹೊಲ ಬಡಾವಣೆಯಾದ ಮೇಲೆ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದಾರೆ. ಅವರ ಐದು ಕಟ್ಟಡಗಳ ಪ್ಲಾನೂ ನನ್ನ ಕೈಯದ್ದೇ. ಆರನೆಯದು ಪೀಣ್ಯದ ಫ್ಯಾಕ್ಟರಿ ಕೆಲಸದವರಿಗೆ, ಡೆಲಿವರಿ ಓಡಿಸುವವರಿಗೆ ನಾಲ್ಕು ಮಹಡಿಯ ಪಿಜಿ, ಕೆಳಗೆ ನೆಲಮಾಳಿಗೆಯಲ್ಲಿ ಪಾರ್ಕಿಂಗ್. ನೆಲಮಾಳಿಗೆಗೆ ಇಳಿಯುವ ರ‍್ಯಾಂಪು ರಸ್ತೆ ಕಡೆಯ ಎಡಮೂಲೆಯಲ್ಲಿ ಬರಬೇಕೆಂದು ಅವರ ವಾಸ್ತುವಿನವರು ಹೇಳಿದ್ದರು. ಆ ಎಡಮೂಲೆಯಲ್ಲಿ ಒಂದು ಭಾರಿ ಮರವಿತ್ತು.

ಮರದ ಬುಡ ಸೈಟಿನೊಳಗೆ. ಕೊಂಬೆಗಳಲ್ಲಿ ಅರ್ಧ ಸೈಟಿನ ಮೇಲೆ, ಅರ್ಧ ರಸ್ತೆಯ ಮೇಲೆ. ರಸ್ತೆಯ ಮೇಲಿನ ಅರ್ಧದ ಕೆಳಗೆ ಒಬ್ಬಾಕೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದಳು. ಕೊಪ್ಪಳದ ಕಡೆಯವಳು, ಮೂವತ್ತೈದರ ಆಸುಪಾಸು. ನಾನು ಅಳೆಯಲು ಹೋದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಆಕೆ ಗಾಡಿಯ ಪಕ್ಕಕ್ಕೆ ಸ್ಟೂಲು ಸರಿಸಿ ಕೊಟ್ಟಳು, ಸ್ಟೀಲ್ ತಂಬಿಗೆಯಲ್ಲಿ ನೀರು ಕೊಟ್ಟಳು. ನಾನು ಕುಡಿದೆ, ನೆರಳಿನಲ್ಲಿ ಸುಧಾರಿಸಿಕೊಂಡೆ, ನೋಟ್‌ಬುಕ್ಕನ್ನು ಆ ಮರದ ಕಾಂಡಕ್ಕೇ ಒತ್ತಿ ಹಿಡಿದು ಸೈಟಿನ ನಾಲ್ಕೂ ಬದಿಯ ಅಳತೆ ಬರೆದುಕೊಂಡೆ. ಅದರಲ್ಲಿ ಮರವಿಲ್ಲ. ಬಿಡೋಣವೇ ಬೇಡವೇ ಎಂದು ಯೋಚಿಸಿ ಬಿಟ್ಟಿದ್ದರೆ ಇಂದು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ನಾನು ಯೋಚಿಸಲೂ ಇಲ್ಲ. ಅರ್ಜಿಯ ಜೊತೆಗಿನ ಘೋಷಣೆಯಲ್ಲಿ ‘ಸದರಿ ನಿವೇಶನದಲ್ಲಿ ಯಾವುದೇ ಮರಗಳು ಇರುವುದಿಲ್ಲ’ ಎಂಬ ಸಾಲಿನ ಕೆಳಗೆ ಸಹಿ ಹಾಕಿ ಕಳಿಸಿದೆ. ಪ್ಲಾನು ಸಲೀಸಾಗಿ ಮಂಜೂರಾಯಿತು.

ಎಡವಟ್ಟು ಎದುರಿಗೆ ಬಂದದ್ದು ಪಾಯದ ಮಾರ್ಕಿಂಗ್ ದಿನ. ಪಾಯ ತೋಡುವ ಮೊದಲು ಗೂಟ ನೆಟ್ಟು, ದಾರ ಎಳೆದು, ದಾರದ ಕೆಳಗೆ ಸುಣ್ಣದ ಪುಡಿ ಉದುರಿಸಿ ಗೆರೆ ಹಾಕುತ್ತಾರೆ. ಪ್ಲಾನು ಹಿಡಿದು ನಾನು ಅಳತೆ ಕೂಗುತ್ತಿದ್ದೆ, ಮೇಸ್ತ್ರಿ ದಾರ ಎಳೆಯುತ್ತಿದ್ದರು. ಎಡಮೂಲೆಗೆ ಬಂದಾಗ ದಾರ ಮುಂದೆ ಹೋಗಲಿಲ್ಲ. ಬೇರೆ ಸೈಟುಗಳಲ್ಲಿ ಮಾರ್ಕಿಂಗ್ ಹೊತ್ತಿಗೆ ಪಾರ್ಟಿಗಳು ಮರ ಕಡಿಸಿ ಮುಗಿಸಿರುತ್ತಿದ್ದರು, ಇಲ್ಲಿ ದಾರ ಹೋಗಬೇಕಾದ ಜಾಗದಲ್ಲಿ ಮರ ಇನ್ನೂ ನಿಂತಿತ್ತು.

ಮೇಸ್ತ್ರಿ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು, ಮರ ನೋಡಿದರು, ನಕ್ಕುಬಿಟ್ಟರು. “ಏನ್ ಮೇಡಂ, ನಿಮ್ ಪ್ಲಾನಲ್ಲಿ ಈ ಯಪ್ಪ ಇಲ್ವಲ್ಲ!”

ಕೂಲಿಯವರೂ ನಕ್ಕರು. ನಾನೂ ಪೆಚ್ಚುಪೆಚ್ಚಾಗಿ ನಕ್ಕೆ. ಕಾಂಪೌಂಡಿನ ಆಚೆ ಇಸ್ತ್ರಿಯಾಕೆ ಮಾತ್ರ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟು ಗೇಟಿನ ಹತ್ತಿರ ಬಂದು ನಿಂತಳು.

“ಅಕ್ಕಾರ, ಗಿಡಾ ಕಡೀತಾರೇನ್ರೀ?”

“ಅದು ಯಜಮಾನ್ರಿಗೆ ಬಿಟ್ಟಿದ್ದಮ್ಮ.”

“ನೀವ ಅಲ್ರೀ ನಕ್ಷಾ ಬರದಾವ್ರು? ಹನ್ನೊಂದು ವರ್ಷಾತ್ರೀ ಇದರ ಬುಡಕ ನಿಂತು. ಇಸ್ತ್ರಿ ಪೆಟಗಿ ಹಿಡಕೊಂಡು ಬಿಸಿಲಾಗ ನಿಂತ್ರ ಜೀವಾ ಎರಡು ದಿನಾ ತಡಿಯೂದುಲ್ರೀ. ಲಗ್ಗೆರಿ ತುಂಬ ತಿರುಗ್ಯಾಡ್ರಿ, ಗಾಡಿ ಹಚ್ಚಾಕ ಇಂಥಾ ನೆರಳು ಇನ್ನೊಂದು ತೋರಸ್ರಿ ನೋಡೂಣು.”

ನಾನು ಸ್ಕೂಟರ್ ಹತ್ತಿ ಬಂದೆ. ಆಕೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಲಗ್ಗೆರೆಯ ಆ ಒಳರಸ್ತೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿವೆ, ಬಾಲ್ಕನಿಗೆ ಬಾಲ್ಕನಿ ತಾಗುತ್ತವೆ. ಅವುಗಳಲ್ಲಿ ಎಷ್ಟೋ ಬಾಲ್ಕನಿಗಳ ಅಳತೆ ನನಗೆ ಬಾಯಿಪಾಠ ಬರುತ್ತದೆ. ನೆರಳಿಲ್ಲದ ಆ ರಸ್ತೆಗಳನ್ನು ಬರೆದವರಲ್ಲಿ ನಾನೂ ಒಬ್ಬಳು. ನನ್ನ ಮೇಲೇ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಹೋಗಿ, ಆಕೆಯ ಹೆಸರಿನಲ್ಲಿ ಮರ ಅಧಿಕಾರಿಗೆ ಒಂದು ಅರ್ಜಿ ಬರೆದೆ. ಮರದ ಜಾತಿ ಎಂಬಲ್ಲಿ ಪೆನ್ನು ನಿಂತಿತು. ಅದು ಯಾವ ಮರ ಅಂತ ನನಗೆ ಗೊತ್ತೇ ಇರಲಿಲ್ಲ.

“ಬಸರಿ ಗಿಡಾರೀ,” ಅಂದಳು ಆಕೆ, ಇಷ್ಟೂ ಗೊತ್ತಿಲ್ಲವೇ ಎಂಬ ದನಿಯಲ್ಲಿ. “ನಮ್ಮ ಊರಾಗ ಹೊಲದ ಬದುವಿಗೆಲ್ಲಾ ಇರ್ತಾವು. ಹಣ್ಣು ಬಿಟ್ಟಾಗ ನೋಡ್ರಿ, ಹಕ್ಕಿ ಗದ್ದಲಕ್ಕ ಗಿರಾಕಿ ಹೇಳಿದ್ದು ಕೇಳೂದುಲ್ಲ.”

ಅರ್ಜಿ ಹಿಡಿದು ಇಬ್ಬರೂ ಕಚೇರಿಗೆ ಹೋದೆವು. ಆಕೆ ಅರ್ಧ ದಿನದ ಗಿರಾಕಿ ಬಿಟ್ಟು ಬಂದಿದ್ದಳು. ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು, ಇಬ್ಬರಿಗೂ ಕುರ್ಚಿ ತೋರಿಸಿದರು. ಅರ್ಜಿ ಓದಿ, ಸೈಟಿನ ನಂಬರು ಕಂಪ್ಯೂಟರಿನಲ್ಲಿ ಹೊಡೆದು, ಮಂಜೂರಾದ ಪ್ಲಾನನ್ನು ತೆರೆದು ನಮ್ಮ ಕಡೆಗೆ ತಿರುಗಿಸಿದರು.

“ಇಲ್ಲಿ ಮರಾನೇ ಇಲ್ವಲ್ಲ ಮೇಡಂ? ಕಡಿಯೋಕೆ ಪರ್ಮಿಷನ್ ಅಂತ ಯಾರೂ ಕೇಳಿಲ್ಲ. ಕೇಳದೇ ಇರೋದಕ್ಕೆ ಆಕ್ಷೇಪಣೆ ನಾನು ಹೇಗೆ ತಗೊಳ್ಳಿ? ಇವತ್ತು ಅವರು ಅದನ್ನ ಕಡಿದು ಹಾಕಿದ್ರೂ, ಅಲ್ಲಿ ಮರ ಇತ್ತು ಅನ್ನೋಕೆ ನನ್ನ ಹತ್ರ ದಾಖಲೆ ಏನಿದೆ?” ಪರದೆಯ ಬಲಗಡೆ ಕೆಳಗೆ ಬೆರಳಿಟ್ಟರು. “ಈ ಸಹಿ ಯಾರದ್ದು?”

ಸಹಿ ನನ್ನದು. ಪಕ್ಕದಲ್ಲಿ ಇಸ್ತ್ರಿಯಾಕೆ ಪರದೆಯನ್ನೇ ನೋಡುತ್ತಿದ್ದಳು. ಆಕೆಗೆ ನಕ್ಷೆ ಓದಲು ಬರುವುದಿಲ್ಲ, ಆದರೆ ನನ್ನ ಮುಖ ಓದಲು ಬಂತು.

“ನಂದೇ,” ಅಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ನನಗೆ ತೊಂದರೆ ಕೊಡುವ ಮನಸ್ಸು ಅವರಿಗಿರಲಿಲ್ಲ. ದನಿ ತಗ್ಗಿಸಿ ಒಂದು ದಾರಿ ಹೇಳಿದರು. “ಒಂದು ಕೆಲಸ ಮಾಡಿ. ನೀವು ಸರ್ವೇ ಮಾಡಿದಾಗ ಮರ ಇರ್ಲಿಲ್ಲ, ಆಮೇಲೆ ಬೆಳೀತು ಅಂತ ಬರೆದುಕೊಡಿ. ನಿಮಗೂ ತೊಂದರೆ ಇಲ್ಲ, ಮರಾನೂ ರೆಕಾರ್ಡಿಗೆ ಬರುತ್ತೆ.”

“ಸಾರ್, ಸರ್ವೇ ಮಾಡಿ ಎಂಟು ತಿಂಗಳು. ಆ ಮರವನ್ನ ಇಬ್ಬರು ತಬ್ಬಿದ್ರೂ ಕೈ ಕೂಡಲ್ಲ.”

“ಬರೆಯೋದು ತಾನೇ ಮೇಡಂ?”

ಅವರು ತಮಾಷೆ ಮಾಡುತ್ತಿರಲಿಲ್ಲ. ನನ್ನ ಇಪ್ಪತ್ತೆಂಟು ವರ್ಷದ ಕೆಲಸವೆಲ್ಲ ಆ ಒಂದು ಮಾತಿನಲ್ಲಿತ್ತು. ಎಂಟು ತಿಂಗಳಲ್ಲಿ ಹೆಮ್ಮರ ಬೆಳೆಸುವುದು ನನಗೇನು ಹೊಸದಲ್ಲ, ಸಂಪಿನ ಮುಚ್ಚಳದ ಮೇಲೆ ಒಂದೇ ನಿಮಿಷದಲ್ಲಿ ಬೆಳೆಸಿದವಳು ನಾನು. ಹೂಂ ಅನ್ನಲು ಬಾಯಿ ತೆರೆದದ್ದೂ ನಿಜ. ಆದರೆ ಆ ಮಾತು ಯಾವ ತನಿಖೆಯ ಮುಂದೆಯೂ ನಿಲ್ಲುವುದಿಲ್ಲ, ಯಜಮಾನರ ವಕೀಲ ಒಂದೇ ಏಟಿಗೆ ಅದನ್ನು ಕಸದ ಬುಟ್ಟಿಗೆ ಎಸೆಯುತ್ತಾನೆ, ಜೊತೆಗೆ ಮರವೂ ಹೋಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ಬರೆದು ಮರ ತೆಗೆದಿದ್ದೆ. ಇನ್ನೊಂದು ಸುಳ್ಳು ಬರೆದು ಅದನ್ನು ವಾಪಸು ನಿಲ್ಲಿಸಲು ಆಗುವುದಿಲ್ಲ.

ಇದ್ದದ್ದು ಇದ್ದಂತೆ ಬರೆದರೆ ಏನಾಗುತ್ತದೆ ಎಂದು ಕೇಳಿದೆ. ಮರವನ್ನು ನೋಡಲು ತಾವು ಬರಬಹುದು ಅಂದರು. ನನ್ನ ಸಹಿ ಹಾಕುವ ಪರವಾನಗಿಯ ವಿಚಾರ ಬೇರೆ ಕಡೆಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೋ ತಮ್ಮ ಕೈಯಲ್ಲಿಲ್ಲ ಅಂದರು. ಒಂದು ದಿನ ಟೈಮ್ ಕೊಡಿ ಎಂದು ಎದ್ದು ಬಂದೆ.

ಮೊದಲು ಯಜಮಾನರಿಗೆ ಹೇಳುವುದು ನ್ಯಾಯ ಅನಿಸಿತು. ಸಂಜೆಯವರೆಗೆ ಕೂತು ರ‍್ಯಾಂಪನ್ನು ಬಲಗಡೆಗೆ ತಿರುಗಿಸಿ ಬರೆದೆ. ಒಂದು ಕಾರು ನಿಲ್ಲುವ ಜಾಗ ಹೋಗುತ್ತಿತ್ತು, ಎರಡು ಕೋಣೆಗಳ ಮೂಲೆ ಕತ್ತರಿಸಬೇಕಾಗುತ್ತಿತ್ತು, ಮರ ಉಳಿಯುತ್ತಿತ್ತು. ನಾನು ಬರೆದ ಪ್ಲಾನುಗಳಲ್ಲಿ ಅದು ಒಳ್ಳೆಯದೆಂದು ಈಗಲೂ ಹೇಳುತ್ತೇನೆ. ಅದನ್ನು ಹಿಡಿದು ಅವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು, ಕಾಫಿ ತರಿಸಿದರು. ಹಾಳೆಯನ್ನು ನೋಡಿ ಮಡಚಿ ನನ್ನ ಕಡೆ ಸರಿಸಿದರು.

“ಆ ಮರಕ್ಕೆ ನಮ್ಮಪ್ಪ ಎತ್ತು ಕಟ್ತಿದ್ರು ಕಣಮ್ಮ. ಅದರ ಮೇಲೆ ನನಗಿಲ್ಲದ ಅಕ್ಕರೆ ನಿಮಗೆಲ್ಲಿಂದ ಬಂತು? ನಮ್ಮ ಹೊಲ, ನಮ್ಮ ಮರ. ಇಟ್ಕೊಂಡ್ರೂ ನಾವೇ, ಕಡಿದ್ರೂ ನಾವೇ.”

“ಕಾನೂನು ಹಾಗಿಲ್ಲ ಯಜಮಾನ್ರೇ.”

“ಕಾನೂನು!” ಅವರು ಸಿಟ್ಟಾಗಲಿಲ್ಲ, ನಕ್ಕರು. “ಅಲ್ಲಿ ಮರ ಇಲ್ಲ ಅಂತ ಬರ್ದು ಸಹಿ ಹಾಕಿದೋರು ಯಾರಮ್ಮ? ನಾನಾ?”

ಕಾಫಿ ಲೋಟ ಕೆಳಗಿಟ್ಟೆ. ಅವರು ಹೇಳಿದ್ದು ನಿಜವೇ. ಆದರೆ ಅದನ್ನು ಕೇಳಿದ ಮೇಲೆ ನನ್ನ ಮನಸ್ಸು ಗಟ್ಟಿಯಾಯಿತು. ಇಷ್ಟು ವರ್ಷ ಯಾರ ಸಲುವಾಗಿ ಮರಗಳನ್ನು ಕೆರೆದೆನೋ ಅವರೇ, ಬೇಕಾದಾಗ, ಆ ಬ್ಲೇಡನ್ನು ನನ್ನ ಕಡೆಗೇ ತಿರುಗಿಸುತ್ತಾರೆ. ಹಾಗಿದ್ದ ಮೇಲೆ ಇವರ ಮುಲಾಜು ನನಗೇಕೆ?

“ನಾನೇ ಸಹಿ ಹಾಕಿದ್ದು,” ಅಂದೆ. “ತಪ್ಪು ಬರೆದಿದೀನಿ ಅಂತ ನಾಳೆ ನಾನೇ ಬರೆದುಕೊಡ್ತೀನಿ.”

“ನಿಮ್ಮ ಅಂಗಡಿಗೆ ನೀವೇ ಬೀಗ ಹಾಕ್ಕೊಳ್ತೀರಾ?”

“ಹಾಕ್ಕೊಳ್ತೀನಿ.”

ಅವರು ಆಗ ನಿಜವಾಗಿ ಗಾಬರಿಯಾದರು. ಹಳೆಯ ವಿಶ್ವಾಸ, ಐದು ಕಟ್ಟಡ, ಗೃಹಪ್ರವೇಶಗಳಲ್ಲಿ ನನಗೆ ಉಡಿಸಿದ ಸೀರೆ ಎಲ್ಲವನ್ನೂ ನೆನಪಿಸಿದರು. ನನಗೂ ಸಂಕಟವಾಯಿತು. ಒಳ್ಳೆಯ ಮನೆಯವರು, ನನ್ನನ್ನು ಎಂದೂ ಕೀಳಾಗಿ ಕಂಡವರಲ್ಲ. ಸಂಕಟಪಟ್ಟುಕೊಂಡೇ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಟೇಪು ತೆಗೆದುಕೊಂಡು ಲಗ್ಗೆರೆಗೆ ಹೋದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಇಸ್ತ್ರಿಯಾಕೆ ಬಂದಳು. ಎದೆ ಮಟ್ಟದಲ್ಲಿ ಸುತ್ತಳತೆ ಹನ್ನೊಂದು ಅಡಿ ಎರಡು ಇಂಚು. ಕೊಂಬೆಗಳ ಹರವು ರಸ್ತೆ ಕಡೆಗೆ ಇಪ್ಪತ್ತಾರು ಅಡಿ, ಸೈಟಿನ ಕಡೆಗೆ ಮೂವತ್ತು. ಮನೆಗಳನ್ನು ಅಳೆಯುವಾಗ ನಾನು ಇಂಚು ಬಿಡುವವಳಲ್ಲ, ಮರಕ್ಕೂ ಬಿಡಲಿಲ್ಲ. ಆಮೇಲೆ ಆಕೆಯ ಗಾಡಿಯ ಮೇಲೆಯೇ, ಮಡಚಿಟ್ಟ ಅಂಗಿಗಳನ್ನು ಸರಿಸಿ, ಹೇಳಿಕೆ ಬರೆದೆ. ಸರ್ವೇ ದಿನ ಮರ ಇತ್ತು, ನಾನು ನೋಡಿದ್ದೆ, ಅದರ ನೆರಳಿನಲ್ಲಿ ಕೂತಿದ್ದೆ, ಆದರೂ ಪ್ಲಾನಿನಲ್ಲಿ ತೋರಿಸಲಿಲ್ಲ, ಇಲ್ಲ ಎಂದು ಸುಳ್ಳು ಘೋಷಣೆ ಕೊಟ್ಟೆ. ಕಣ್ತಪ್ಪಿನಿಂದ ಎಂದು ಬರೆಯುವ ಆಸೆ ಆಯಿತು. ಬರೆಯಲಿಲ್ಲ.

ಹೇಳಿಕೆ ತಲುಪಿದ ಮೇಲೆ ಅಧಿಕಾರಿ ಮಾತಿಗೆ ತಪ್ಪಲಿಲ್ಲ. ಅದೇ ವಾರ ಬಂದರು, ಮರದ ಫೋಟೊ ತೆಗೆದರು, ಅಳತೆ ನೋಡಿಕೊಂಡರು, ಬುಡದ ಹತ್ತಿರ ತೋಡಬಾರದೆಂದು ಮೇಸ್ತ್ರಿಗೆ ಬಾಯಲ್ಲಿ ಹೇಳಿದರು. ಲಿಖಿತ ಆದೇಶ ಆಮೇಲೆ ಬರುತ್ತದೆ ಅಂದರು. ನಾವು ಕಾದೆವು. ಮರದ ಆದೇಶ ಬರಲಿಲ್ಲ. ವಿಚಾರಿಸಿದಾಗಲೆಲ್ಲ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಮೊದಲು ಬಂದದ್ದು ನನ್ನ ಮೇಲಿನ ಆದೇಶ. ರಿಜಿಸ್ಟರ್ಡ್ ಅಂಚೆ, ಎರಡು ಪುಟ, ಕೆಳಗೆ ನೀಲಿ ಸೀಲು. ಒಂದು ವರ್ಷ ನಾನು ಯಾವ ಪ್ಲಾನಿಗೂ ಸಹಿ ಹಾಕುವಂತಿಲ್ಲ. ಮರವನ್ನು ಕಾಪಾಡಲು ಸರ್ಕಾರಕ್ಕೆ ಪುರಸೊತ್ತಿರಲಿಲ್ಲ, ನನ್ನನ್ನು ಶಿಕ್ಷಿಸಲು ಇತ್ತು.

ಅಂದು ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ಅತ್ತದ್ದನ್ನು ಮುಚ್ಚಿಡುವುದೇಕೆ? ಆಮೇಲೆ ಮುಖ ತೊಳೆದು ಆದೇಶವನ್ನು ಎರಡನೇ ಸಲ ಓದಿದೆ. ಮೊದಲ ಸಲ ನನ್ನ ಹೆಸರನ್ನಷ್ಟೇ ಓದಿದ್ದೆ. ಈ ಸಲ ಮೂರನೆಯ ಪ್ಯಾರಾ ಕಣ್ಣಿಗೆ ಬಿತ್ತು. ‘ಸ್ಥಳ ಪರಿಶೀಲನೆಯಲ್ಲಿ ಸದರಿ ನಿವೇಶನದ ರಸ್ತೆ ಬದಿಯ ಎಡಮೂಲೆಯಲ್ಲಿ ಹನ್ನೊಂದು ಅಡಿ ಎರಡು ಇಂಚು ಸುತ್ತಳತೆಯ ಬಸರಿ ಮರ ಇರುವುದು ದೃಢಪಟ್ಟಿದ್ದು, ಸದರಿಯವರು ಇದನ್ನು ಮರೆಮಾಚಿರುತ್ತಾರೆ.’ ಮೂರು ಸಲ ಓದಿದೆ. ಮರ ಇದೆ ಎಂದು ಸರ್ಕಾರ ಸೀಲು ಹಾಕಿ ಹೇಳಿದ ಕಾಗದ ಈ ಭೂಮಿಯ ಮೇಲೆ ಅದೊಂದೇ ಇತ್ತು. ನನ್ನ ತಪ್ಪನ್ನು ಸಾಬೀತು ಮಾಡಬೇಕಾದರೆ ಅವರು ಮೊದಲು ಮರವನ್ನು ಒಪ್ಪಿಕೊಳ್ಳಲೇಬೇಕಾಗಿತ್ತು.

ಕೆಳಗಿಳಿದು ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಮಾಡಿಸಿ, ನೇರ ಲಗ್ಗೆರೆಗೆ ಹೋಗಿ ಇಸ್ತ್ರಿಯಾಕೆಯ ಕೈಗೆ ಕೊಟ್ಟೆ. “ಮರ ಕಡಿಯೋಕೆ ಯಾರಾದ್ರೂ ಬಂದ್ರೆ ಇದನ್ನ ತೋರಿಸಮ್ಮ. ಆಮೇಲೆ ನನಗೆ ಫೋನ್ ಮಾಡು.”

“ಏನೈತ್ರೀ ಇದರಾಗ?”

“ನಾನು ಮಾಡಿದ ತಪ್ಪು.”

ಆಕೆ ಕಾಗದವನ್ನು ಸೆರಗಿನಿಂದ ಒರೆಸಿ, ಗಿರಾಕಿಗಳ ಚೀಟಿ ಇಡುವ ಡಬ್ಬಿಯೊಳಗೆ ಹಾಕಿಟ್ಟಳು.

ಕದ್ದು ಮರ ಕಡಿಸುವವರಿಗೆ ಎರಡನೇ ಶನಿವಾರ ಎಂದರೆ ಬಲು ಪ್ರಶಸ್ತ. ಕಚೇರಿಗಳಿಗೆ ರಜೆ, ಮರುದಿನ ಭಾನುವಾರ, ಸೋಮವಾರ ದೂರು ಕೊಡಲು ಹೋಗುವಷ್ಟರಲ್ಲಿ ಬುಡದ ಮೇಲೆ ಮಣ್ಣು ಬಿದ್ದಿರುತ್ತದೆ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಹಾಗಾಗಿ ಆ ಶನಿವಾರ ಬೆಳಿಗ್ಗೆ ಆಕೆಯ ಫೋನು ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ನಾನು ತಲುಪುವ ಹೊತ್ತಿಗೆ ಹಗ್ಗ, ಗರಗಸದ ಮಿಷನ್ನು, ಏಣಿ ಎಲ್ಲ ಇಳಿದಿದ್ದವು. ರಸ್ತೆಯಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಆಕೆ ತನ್ನ ಗಾಡಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿಕೊಂಡು, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದಿದ್ದಳು. ಮರ ಕಡಿಯುವವರ ಮುಖ್ಯಸ್ಥ, ನೆರೆಗೂದಲಿನ ಮನುಷ್ಯ, ನನ್ನ ಮೇಲಿನ ಆದೇಶದ ಪ್ರತಿಯನ್ನು ಕಣ್ಣಿನಿಂದ ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಸುಳ್ಳು ಘೋಷಣೆ, ವಂಚನೆ, ವೃತ್ತಿಗೆ ತಕ್ಕುದಲ್ಲದ ನಡತೆ. ಮುಗಿಯುವವರೆಗೆ ನಿಂತು ಕೇಳಿಸಿಕೊಂಡೆ.

ಅಷ್ಟರಲ್ಲಿ ಯಜಮಾನರ ಕಾರು ಬಂತು. “ಏನ್ ಓದ್ತಾ ನಿಂತಿದೀಯ?” ಎಂದು ಗದರಿದರು. “ಅದು ಆಯಮ್ಮನ ಮೇಲಿರೋ ಆರ್ಡರ್. 'ಮರ ಕಡೀಬೇಡ' ಅಂತ ಅದರಲ್ಲಿ ಎಲ್ಲಾದ್ರೂ ಬರ್ದವ್ರಾ?”

“ಇಲ್ಲ ಯಜಮಾನ್ರೇ. ಆದ್ರೆ ಮರ ಐತೆ ಅಂತ ಬರ್ದವ್ರೆ. ಸೀಲ್ ಹಾಕವ್ರೆ, ಸುತ್ತಳತೆ ಸಮೇತ.” ಆತ ಕಾಗದವನ್ನು ಮಡಚಿ ಆಕೆಗೆ ವಾಪಸು ಕೊಟ್ಟ. “ನೀವು ದಾಖಲೇಲಿ ಮರ ಇಲ್ಲದ ಸೈಟು ಅಂತ ಹೇಳಿ ಕರ್ಸಿದ್ರಿ, ಒಂದು ಒಣಕಲು ಕಿತ್ತಾಕ್ಬೇಕು ಅಂದ್ರಿ. ನಾಳೆ ಈ ಮರ ಎಲ್ಲಿ ಹೋಯ್ತು ಅಂತ ಕೇಳಿದ್ರೆ ಮಿಷನ್ನು ನಂದು, ಒಳಗೆ ಹೋಗೋನೂ ನಾನೇ. ಪರ್ಮಿಷನ್ ತಗೊಂಡು ಕರೀರಿ, ಬರ್ತೀನಿ.”

ಹಗ್ಗ ಸುತ್ತಿಕೊಂಡು ಹೊರಟರು. ಯಜಮಾನರು ನನ್ನ ಮುಂದೆ ಬಂದು ನಿಂತರು. ನನ್ನನ್ನೊಮ್ಮೆ, ಮರವನ್ನೊಮ್ಮೆ ನೋಡಿ ಕಾರು ಹತ್ತಿದರು. ಈಗ ಅವರು ಪ್ಲಾನ್ ಬರೆಯುವ ಬೇರೊಬ್ಬರ ಕೈಯಲ್ಲಿ, ಮರ ಕಡಿಯುವ ಅನುಮತಿಗೆ ಅರ್ಜಿ ಹಾಕಿಸಿದ್ದಾರೆ. ಹಾಕಲಿ. ಅರ್ಜಿ ಹಾಕಬೇಕಾದರೆ ಮರ ಇದೆ ಎಂದು ಅವರೂ ಬರೆಯಬೇಕಾಯಿತು. ನಮ್ಮ ಆಕ್ಷೇಪಣೆಗಳೂ ಹೋಗಿವೆ, ಮೊದಲನೆಯ ಸಹಿ ಇಸ್ತ್ರಿಯಾಕೆಯದು. ಏನಾಗುತ್ತದೋ ನನಗೆ ಗೊತ್ತಿಲ್ಲ. ಏನೇ ಆದರೂ ಇನ್ನು ಕದ್ದು ಆಗುವುದಿಲ್ಲ.

ಆ ಕಾಗದವನ್ನು ಆಕೆ ಲ್ಯಾಮಿನೇಟ್ ಮಾಡಿಸಿ, ಗಾಡಿಯ ಮುಂದೆ ಎಲ್ಲರಿಗೂ ಕಾಣುವಂತೆ ದಾರ ಕಟ್ಟಿ ತೂಗು ಹಾಕಿದ್ದಾಳೆ. ತೆಗೆಯಲೇನ್ರೀ ಅಕ್ಕಾರ ಎಂದು ಒಮ್ಮೆ ಕೇಳಿದಳು, ಬೇಡ ಅಂದೆ. ಹೋಗುವವರು ಬರುವವರು ಓದುತ್ತಾರೆ. ನನಗೆ ಬರುತ್ತಿದ್ದ ಪಾರ್ಟಿಗಳಲ್ಲಿ ಎಷ್ಟು ಜನ ಓದಿದ್ದಾರೋ, ಈಚೆಗೆ ಅಂಗಡಿಯ ಮೆಟ್ಟಿಲು ಹತ್ತುವವರು ಕಡಿಮೆ. ಕಳೆದ ವಾರ ನಾನು ಅಲ್ಲಿ ನಿಂತಿದ್ದಾಗ ಬಟ್ಟೆ ತೆಗೆದುಕೊಳ್ಳಲು ಬಂದ ಹೆಂಗಸೊಬ್ಬಳು ಎರಡೂ ಪುಟ ಓದಿ, ತಲೆ ಎತ್ತಿ ಮರವನ್ನು ನೋಡಿ, ನನ್ನ ಕಡೆ ತಿರುಗಿದಳು.

“ಎಂಥಾ ಜನ ನೋಡಿ ಆಂಟಿ. ಇಷ್ಟು ದೊಡ್ಡ ಮರ ಇಲ್ಲ ಅಂತ ಬರ್ದಿದಾಳಂತೆ. ಯಾರೋ ಏನೋ ಈ ಯಮ್ಮ?”

ಇಸ್ತ್ರಿಯಾಕೆಯ ಕೈ ಅಂಗಿಯ ಮೇಲೆ ನಿಂತಿತು.

“ನಾನೇ,” ಅಂದೆ, ಕಣ್ಣು ತಗ್ಗಿಸದೆ.